ಎಡದ ತೋಳಿನ ಗುರುತು

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಮಗುವನ್ನು ತಂದು ಕೈಗೆ ಕೊಟ್ಟರೆ ಮುಖ ನೋಡುವುದಕ್ಕೆ ಮುಂಚೆ ಅದರ ಎಡದ ತೋಳು ನೋಡುತ್ತೇನೆ. ನಮ್ಮಣ್ಣನ ಮೊಮ್ಮಗನ ನಾಮಕರಣದಲ್ಲಿ ಹೀಗೇ ಅಂಗಿಯ ತೋಳು ಸರಿಸುತ್ತಿದ್ದಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ಮಗು ಯಾರ ಹಾಗಿದೆ ಹೇಳಿ ಅಂತ ಕೊಟ್ಟರೆ, ಸಂತೆಯಲ್ಲಿ ಕುರಿ ನೋಡೋ ಹಾಗೆ ನೋಡ್ತೀರಲ್ಲ!" ಎಂದು ಎಲ್ಲರೆದುರಿಗೆ ನಕ್ಕರು. ನಗಲಿ. ಈ ಚಾಳಿಯಿಂದ ಬದುಕಿದ ಮಕ್ಕಳಿದ್ದಾರೆ. ಅದನ್ನು ಹೇಳಿಕೊಳ್ಳಲು ನನಗೆ ಒಂದಿಷ್ಟೂ ಸಂಕೋಚವಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಮಳವಳ್ಳಿಯಲ್ಲಿ ನರ್ಸಾಗಿದ್ದೆ. ಹುಟ್ಟಿದ್ದು ಮಂಡ್ಯದಲ್ಲಿ, ಕೆಲಸ ಕಲಿತದ್ದು ಮೈಸೂರಿನಲ್ಲಿ, ಮೊದಲು ಕೆಲಸಕ್ಕೆ ಸೇರಿದ್ದು ಮದ್ದೂರಿನಲ್ಲಿ. ಬಿಳಿ ಸೀರೆ ಉಟ್ಟು ಓಡಾಡುವ ನನ್ನನ್ನು ಕಂಡು ಹಳ್ಳಿಯ ಹೆಂಗಸರು "ಪಾಪ, ಗಂಡ ಓಗಿ ಎಷ್ಟು ವರ್ಸಾಯ್ತವ್ವ?" ಎಂದು ಕೇಳುತ್ತಿದ್ದರು. ಮದುವೆಯೇ ಆಗಿಲ್ಲ ಎಂದರೆ ಅವರಿಗೆ ಇನ್ನೂ ಹೆಚ್ಚು ಗಾಬರಿಯಾಗುತ್ತಿತ್ತು.

ಆ ಕಾಲದ ದೊಡ್ಡ ಹೆದರಿಕೆ ಸಿಡುಬು. ಜನ ಆ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. "ಅಮ್ಮ ಬಂದವ್ಳೆ" ಎನ್ನುತ್ತಿದ್ದರು. ಅದು ಬಾರದ ಹಾಗೆ ತೋಳಿಗೆ ಚುಚ್ಚಿ ಔಷಧಿ ಸೇರಿಸುವುದಕ್ಕೆ ದೇವಿ ಹಾಕುವುದು ಎಂದು ಹೆಸರು. ಸಣ್ಣ ಮುಳ್ಳುಗಳಿದ್ದ ಬಿಲ್ಲೆಯೊಂದನ್ನು ಚರ್ಮಕ್ಕೆ ಒತ್ತಿ ತಿರುಗಿಸಬೇಕು. ವಾರದೊಳಗೆ ಅಲ್ಲಿ ಗುಳ್ಳೆ ಏಳುತ್ತದೆ, ಕೀವಾಗಿ ಒಣಗಿ ಹಕ್ಕಳೆ ಉದುರುತ್ತದೆ, ಆಮೇಲೆ ಜೀವಮಾನವಿಡೀ ಉಳಿಯುವ ದುಂಡನೆಯ ಗುರುತು. ಎಡದ ತೋಳಿಗೆ ಎರಡು ಕಡೆ ಹಾಕುತ್ತಿದ್ದೆವು. ಆ ಗುರುತೇ ಸಾಕ್ಷಿ. ಹಳ್ಳಿಯಲ್ಲಿ ಯಾವ ಮಗುವಿಗೆ ಯಾವಾಗ ಹಾಕಿಸಿದರು ಎಂಬ ಚೀಟಿಯನ್ನು ಯಾರೂ ಜೋಪಾನ ಮಾಡಿಡುತ್ತಿರಲಿಲ್ಲ.

ದೇವಿ ಹಾಕುವವನು ವರ್ಷಕ್ಕೊಮ್ಮೆ ಸೈಕಲ್ಲಿನ ಮೇಲೆ ಹಳ್ಳಿಗೆ ಬರುತ್ತಿದ್ದ. ಅವನ ಸೈಕಲ್ಲು ಕೆರೆ ಏರಿ ಹತ್ತಿದ ತಕ್ಷಣ ಊರಿಗೆ ಊರೇ ಮಕ್ಕಳಿಲ್ಲದ ಊರಾಗುತ್ತಿತ್ತು. ಕೆಲವು ಕಬ್ಬಿನ ಗದ್ದೆಯೊಳಗೆ, ಕೆಲವು ಬತ್ತದ ಕಣಜದೊಳಗೆ, ಕೆಲವು ನೆಂಟರ ಮನೆಯಲ್ಲಿ. ಪಾಪ, ಅವನು ಎಮ್ಮೆಗಳನ್ನು ಮಾತಾಡಿಸಿಕೊಂಡು ಹಿಂದಿರುಗಬೇಕು. ಆದರೆ ಅದೇ ತಾಯಂದಿರು ಮಗುವಿಗೆ ಚೇಳು ಕುಟುಕಿದರೆ, ಗಾಡಿಯ ಚಕ್ರಕ್ಕೆ ಕಾಲು ಸಿಕ್ಕಿದರೆ, ಎದ್ದೆವೋ ಬಿದ್ದೆವೋ ಎಂದು ತಾವಾಗಿಯೇ ನಮ್ಮಲ್ಲಿಗೆ ಓಡಿ ಬರುತ್ತಿದ್ದರು. ಕಣಜದೊಳಗೆ ಬಚ್ಚಿಟ್ಟ ಆ ತೋಳು ಆಗ ನಮ್ಮ ಕೈಗೇ ಸಿಕ್ಕುತ್ತಿತ್ತು.

ಇದು ನನ್ನ ತಲೆಗೆ ಹೊಳೆದದ್ದು ಬುದ್ಧಿವಂತಿಕೆಯಿಂದಲ್ಲ, ಒಂದು ಸಾವಿನಿಂದ. ಮದ್ದೂರಿನಲ್ಲಿದ್ದಾಗ ಮೂರು ವರ್ಷದ ಗಂಡುಮಗುವೊಂದು ಮೂಗಿಗೆ ಅವರೆಕಾಳು ತುರುಕಿಕೊಂಡು ಬಂತು. ಕಾಳು ನೆಂದು ಊದಿಕೊಂಡಿತ್ತು. ಮಗುವನ್ನು ತೊಡೆಯ ಮೇಲೆ ಅಮುಕಿ ಹಿಡಿದು ಅರ್ಧ ಗಂಟೆ ಹೆಣಗಿ ನಾನೇ ತೆಗೆದೆ. ತಾಯಿ ನನ್ನ ಕೆನ್ನೆ ಸವರಿ ನೆಟಿಗೆ ಮುರಿದು ಹೋದಳು. ಎರಡು ತಿಂಗಳ ಮೇಲೆ ಅವಳೊಬ್ಬಳೇ ಬಂದಳು. "ಕಾಳಿನ ಸರದಾರ ಎಲ್ಲಿ?" ಎಂದು ನಗುತ್ತಾ ಕೇಳಿದೆ. "ಅಮ್ಮ ಕರ್ಕಂಡೋದ್ಲು ಕಣವ್ವ" ಎಂದಳು. ಅರ್ಧ ಗಂಟೆ ನನ್ನ ತೊಡೆಯ ಮೇಲಿದ್ದ ಮಗು. ದೇವಿ ಔಷಧಿ ಅದೇ ಕೋಣೆಯ ಮೂಲೆಯಲ್ಲಿತ್ತು. ನಾನು ಮೂಗು ಮಾತ್ರ ನೋಡಿದ್ದೆ.

ಮಳವಳ್ಳಿಗೆ ವರ್ಗವಾದ ಮೇಲೆ ನಾನೇ ಒಂದು ಕಟ್ಟಳೆ ಮಾಡಿಕೊಂಡೆ. ಮಗು ಏನೇ ಆಗಿ ಬರಲಿ, ಮೊದಲು ಅದರ ಸಂಕಟ ನೋಡುವುದು, ಅಳು ನಿಂತ ಮೇಲೆ ಎಡದ ತೋಳು ನೋಡುವುದು, ಗುರುತಿಲ್ಲದಿದ್ದರೆ, ಮೈಯಲ್ಲಿ ಜ್ವರವೂ ಇಲ್ಲದಿದ್ದರೆ, ಅಲ್ಲೇ ದೇವಿ ಹಾಕಿ ಕಳಿಸುವುದು. ನಮ್ಮ ಡಾಕ್ಟರು ಮೈಸೂರಿನ ಕಡೆಯವರು, ಒಣ ಮಾತಿನ ಮನುಷ್ಯ. "ಏನಮ್ಮ, ಕಾಲು ಮುರಿದುಕೊಂಡು ಬಂದವನ ತೋಳಲ್ಲಿ ಏನು ಹುಡುಕ್ತಾ ಇದ್ದೀಯ?" ಎಂದರು. ಮದ್ದೂರಿನ ಮಗುವಿನ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹುಡುಕು" ಎಂದರು, ಅಷ್ಟೆ.

ಜನ ಬಿಟ್ಟಾರೆಯೇ? "ಚೇಳಿಗೂ ತೋಳಿಗೂ ಏನವ್ವ ಸಮಂದ?" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಆದರೆ ಆಗ ತಾನೇ ಮಗುವಿನ ನೋವು ಇಳಿಸಿದ ಕೈಯನ್ನು ತಳ್ಳುವುದು ಅಷ್ಟು ಸುಲಭವಲ್ಲ. ನಾನೂ ಹಿಡಿದ ಪಟ್ಟು ಬಿಡುವವಳಲ್ಲ. ಬೈಯುವವರಿಗೆ ತಿರುಗಿ ಬೈಯುತ್ತಿದ್ದೆ, ಅಳುವವರ ಜೊತೆ ಕುಳಿತುಕೊಳ್ಳುತ್ತಿದ್ದೆ. ನೋಡಿದ ಪ್ರತಿಯೊಂದು ತೋಳನ್ನೂ ಒಂದು ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದೆ: ಊರು, ಯಾರ ಮಗು, ಗುರುತು ಇದೆ, ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಒಂದೇ ನೋಟದಲ್ಲಿ ಗುರುತು ಹಿಡಿಯುತ್ತೇನೆ ಎಂಬ ಜಂಬ ಬಂದಿತ್ತು. ಆ ಜಂಬವೇ ನನಗೆ ಹಳ್ಳ ತೋಡಿತು.

ಕಬ್ಬು ಅರೆಯುವ ಕಾಲದಲ್ಲಿ ಬಂಡೂರಿನ ದಾರಿಯ ಒಂದು ಹಳ್ಳಿಯಿಂದ ನಾಲ್ಕು ವರ್ಷದ ಹುಡುಗಿಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಆಲೆಮನೆಯಲ್ಲಿ ಬೆಲ್ಲದ ಬಿಸಿ ಪಾಕಕ್ಕೆ ಬಲಗೈ ಇಟ್ಟಿದ್ದಳು. ಬೆರಳುಗಳ ಚರ್ಮ ಸುಲಿದು ಬರುತ್ತಿತ್ತು. ತಾಯಿ ಎದೆ ಬಡಿದುಕೊಳ್ಳುತ್ತಿದ್ದರೆ ಹುಡುಗಿ ಹಲ್ಲು ಕಚ್ಚಿ ಕುಳಿತಿದ್ದಳು. ಅವಳ ಎಡಗೈ ಮುಷ್ಟಿ ಬಿಗಿದೇ ಇತ್ತು. ಅಲ್ಲಿಯೂ ಸುಟ್ಟಿದೆಯೇನೋ ಎಂದು ಬಿಡಿಸಿ ನೋಡಿದರೆ ಒಳಗೊಂದು ಬೆಲ್ಲದ ಉಂಡೆ! ಕೈ ಸುಟ್ಟರೂ ಬೆಲ್ಲ ಬಿಟ್ಟಿರಲಿಲ್ಲ. ಪಟ್ಟಿ ಕಟ್ಟಿ ಮುಗಿಸಿದ ಮೇಲೆ ಆ ಉಂಡೆಯನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿ ನನಗೊಂದು ಪಾಲು ಕೊಟ್ಟಳು. "ತಿನ್ನು" ಎಂದು ಅಪ್ಪಣೆ ಮಾಡಿದಳು. ಎಂಜಲು, ಮಣ್ಣು, ಮುಲಾಮು ಎಲ್ಲ ಸೇರಿದ ಆ ಬೆಲ್ಲವನ್ನು ನಾನು ತಿಂದೆ.

ಆಮೇಲೆ ತೋಳು ನೋಡಿದೆ. ಒಂದರ ಕೆಳಗೊಂದು ಎರಡು ದುಂಡು ಗುರುತು, ಅಳತೆ ಹಿಡಿದು ಹಾಕಿದಂತಿದ್ದವು. "ದೇವಿ ಹಾಕಿಸಿದ್ದೀರಾ?" ಎಂದು ತಾಯಿಯನ್ನು ಕೇಳಿದೆ. ಅವಳ ಕಣ್ಣೆಲ್ಲ ಮಗಳ ಸುಟ್ಟ ಕೈ ಮೇಲೆ. ಆಗ ನಾನು ಏನು ಕೇಳಿದ್ದರೂ "ಊಂ" ಎನ್ನುತ್ತಿದ್ದಳು. ಊಂ ಎಂದಳು. ಪುಸ್ತಕದಲ್ಲಿ "ಇದೆ" ಎಂದು ಬರೆದೆ.

ಆ ಹುಡುಗಿ ಎರಡು ಸಲ ಪಟ್ಟಿ ಬದಲಾಯಿಸಿಕೊಳ್ಳಲು ಬಂದು ಆಮೇಲೆ ಬರಲಿಲ್ಲ. ಕೈ ಒಣಗುತ್ತಿತ್ತು, ನಾನೂ ಮರೆತೆ. ಹದಿನೈದು ಇಪ್ಪತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಬಾಣಂತಿಯೊಬ್ಬಳು ಎಳೆಗೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಹಾಲು ದಕ್ಕುತ್ತಿರಲಿಲ್ಲ. ಅದನ್ನು ನೋಡಿ, ಅಭ್ಯಾಸದಂತೆ ತೋಳು ಬಿಚ್ಚಿದೆ. ಅಲ್ಲಿ ಎರಡು ಹಸಿ ಗಾಯ, ಒಂದರ ಕೆಳಗೊಂದು, ಅಳತೆ ಹಿಡಿದು ಹಾಕಿದ ಹಾಗೆ. ಇಷ್ಟು ಚಿಕ್ಕ ಕೂಸಿಗೆ ಯಾರು ದೇವಿ ಹಾಕಿದರು ಎಂದು ನೋಡಿದರೆ ಅದು ಚುಚ್ಚಿದ ಗಾಯವಲ್ಲ, ಸುಟ್ಟ ಗಾಯ.

"ಏನಮ್ಮ ಇದು?"

"ಬರೆ ಕಣವ್ವ. ಬಾಲಗ್ರಹಕ್ಕೆ ನಮ್ಮೂರ ದೊಡ್ಡವ್ವ ಅರಿಸಿನದ ಕೊಂಬು ಸುಟ್ಟು ಆಕ್ತಾಳೆ. ನಮ್ಮೂರಲ್ಲಿ ಎಲ್ಲಾ ಮಕ್ಳಿಗೂ ಎಡದ ತೋಳಿಗೇ ಆಕಾದು."

ಬೇರೆ ಕಡೆಯವರು ಹೊಟ್ಟೆಯ ಮೇಲೋ ಮಣಿಕಟ್ಟಿಗೋ ಬರೆ ಹಾಕುವುದನ್ನು ಎಷ್ಟೋ ಸಲ ಕಂಡಿದ್ದೆ. ತೋಳಿಗೆ ಹಾಕಿದ್ದನ್ನು ಕಂಡಿರಲಿಲ್ಲ. "ಯಾವ ಊರು?" ಎಂದೆ. ಬಂಡೂರಿನ ದಾರಿಯ ಅದೇ ಹಳ್ಳಿಯ ಹೆಸರು ಹೇಳಿದಳು.

"ಆಲೆಮನೇಲಿ ಕೈ ಸುಟ್ಟುಕೊಂಡ ಹುಡುಗಿ ಗೊತ್ತಾ?"

"ಗೊತ್ತಿಲ್ದೆ ಏನು? ಬರೆ ಆಕೋ ದೊಡ್ಡವ್ವನ ಮೊಮ್ಮಗ್ಳಲ್ವಾ. ಅವ್ರ ಪಕ್ಕದ ಮನೇಲೇ ಮೊನ್ನೆ ಅಮ್ಮ ಕಾಣಿಸ್ಕಂಡ್ಲು. ಅದ್ಕೇ ಕಣವ್ವ ನಾನು ಕೂಸ್ನ ಎತ್ಕಂಡು ತೌರಿಗೆ ಬಂದ್ಬುಟ್ಟೆ."

ನಾನು ಪುಸ್ತಕ ತೆಗೆದು ಆ ಪುಟ ನೋಡಿದೆ. "ಇದೆ" ಎಂಬ ನನ್ನ ಅಕ್ಷರ ಮುದ್ದಾಗಿಯೇ ಇತ್ತು. ಅಜ್ಜಿ ಹಾಕಿದ ಬರೆಯನ್ನು ದೇವಿಯ ಗುರುತು ಎಂದುಕೊಂಡು, ಬೆಲ್ಲ ತಿಂದು, ಆ ಮಗುವನ್ನು ಬರಿಗೈಯಲ್ಲಿ ವಾಪಸು ಕಳಿಸಿದ್ದೆ. ಈಗ ಗೋಡೆಯಾಚೆ ಸಿಡುಬು. ಮದ್ದೂರಿನ ಮಗುವಿನ ತೋಳು ನೋಡದೆ ತಪ್ಪಿದ್ದೆ, ಇವಳದು ನೋಡಿಯೂ ತಪ್ಪಿದ್ದೆ.

ಕೂಸಿಗೆ ಬೇಕಾದದ್ದು ಮಾಡಿ ಮಲಗಿಸಿ ಡಾಕ್ಟರ ಹತ್ತಿರ ಓಡಿದೆ. ಅವರು ಬೈಯಲಿಲ್ಲ. "ಸೋಂಕು ತಗುಲಿ ಮೂರು ನಾಲ್ಕು ದಿನದೊಳಗೆ ದೇವಿ ಹಾಕಿದರೆ ದೇವಿ ಮುಂದೆ ಓಡುತ್ತೆ, ತಡವಾದರೆ ಸಿಡುಬು ಮುಂದೆ. ಪಕ್ಕದ ಮನೆಯಲ್ಲಿ ಮೊನ್ನೆ ಅಂದರೆ ಇವತ್ತೇ ಹೋಗಬೇಕು" ಎಂದರು. ದೇವಿ ಹಾಕುವವನು ತಾಲ್ಲೂಕಿನ ಇನ್ನೊಂದು ತುದಿಯಲ್ಲಿದ್ದ. ಡಾಕ್ಟರ ಕೈಯಲ್ಲಿ ಬಿಟ್ಟು ಬರಲಾಗದ ರೋಗಿಗಳಿದ್ದರು. ಇದ್ದಬದ್ದ ಔಷಧಿಯ ಗಾಜಿನ ನಳಿಕೆಗಳನ್ನೆಲ್ಲ ಒದ್ದೆ ಮರಳು ತುಂಬಿದ ಕುಡಿಕೆಯಲ್ಲಿ ಇಟ್ಟು, ಮೇಲೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟರು. "ಬೈಸಿಕೊಂಡಾದರೂ ಸರಿ, ಹಾಕಿಯೇ ಬಾ" ಎಂದರು.

ಯುದ್ಧದಿಂದಾಗಿ ಪೆಟ್ರೋಲಿಗೆ ಬರ. ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಓಡುತ್ತಿದ್ದವು ಎನ್ನುವುದೂ ಉಪಚಾರದ ಮಾತು. ಏರು ಬಂದಾಗಲೆಲ್ಲ ಜನ ಇಳಿದು ತಳ್ಳಬೇಕು. ಕುಡಿಕೆ ಅಪ್ಪಿಕೊಂಡು ನಾನೊಬ್ಬಳೇ ಕುಳಿತೇ ಇದ್ದುದನ್ನು ಕಂಡು ಕಂಡಕ್ಟರ್ "ಅಮ್ಮಾವ್ರೇ, ಅದರಲ್ಲೇನು ಮೊಸರಾ?" ಎಂದು ಕೆಣಕಿದ. "ಸಿಡುಬಿಗೆ ಚುಚ್ಚೋ ಔಷಧಿ" ಎಂದೆ. ಮರುಗಳಿಗೆ ಇಡೀ ಬೆಂಚು ನನಗೊಬ್ಬಳಿಗೇ ಖಾಲಿಯಾಯಿತು. ಅಂಥ ರಾಜವೈಭೋಗದ ಪ್ರಯಾಣ ನಾನು ಮತ್ತೆ ಮಾಡಿಲ್ಲ. ಆದರೂ ದಾರಿಯುದ್ದಕ್ಕೂ ಆ ಮಗುವಿಗೆ ಜ್ವರ ಬಂದಿರದಿದ್ದರೆ ಸಾಕು ಎಂದು ಕಂಡ ಗುಡಿಗೆಲ್ಲ ಕೈ ಮುಗಿದೆ.

ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆದು ಊರ ಬಾಗಿಲಿಗೆ ಬಂದರೆ ಅಡ್ಡಲಾಗಿ ಬೇವಿನ ಸೊಪ್ಪಿನ ತೋರಣ. ಕೆಳಗೆ ಅರಿಸಿನದ ನೀರಿನ ಹರವಿ. ಅಮ್ಮ ಊರಿನಲ್ಲಿರುವಾಗ ಮನೆಗಳಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಯಾರಿಗೂ ಸೂಜಿ ಕತ್ತರಿ ತಾಗಿಸುವ ಹಾಗಿಲ್ಲ. ಊರಿನ ಯಜಮಾನ ಕಲ್ಲಿನ ಮೇಲೆ ಕುಳಿತಿದ್ದ.

"ಔಸ್ದಿ ಗಿವ್ಸ್ದಿ ಒಳಕ್ ತರಂಗಿಲ್ಲ ಕಣಮ್ಮ. ನಮ್ಮವ್ವ ಮುನುಸ್ಕತಾಳೆ."

"ಕೈ ಸುಟ್ಟುಕೊಂಡ ಮಗೂನ ನೋಡೋಕೆ ಬಂದೆ ಯಜಮಾನ್ರೇ. ಪಟ್ಟಿ ಬದಲಾಯಿಸದಿದ್ದರೆ ಬೆರಳು ಅಂಟಿಕೊಳ್ತವೆ" ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಚಪ್ಪಲಿ ಅಲ್ಲೇ ಬಿಟ್ಟು, ಅರಿಸಿನದ ನೀರಿನಲ್ಲಿ ಕೈಕಾಲು ತೊಳೆದೆ. ಅವನು ಮುಖ ಸಿಂಡರಿಸಿಕೊಂಡೇ ದಾರಿ ಬಿಟ್ಟ.

ಹುಡುಗಿ ಜಗಲಿಯ ಮೇಲೆ ಕಲ್ಲಾಟ ಆಡುತ್ತಿದ್ದಳು. ಓಡಿ ಹೋಗಿ ಹಣೆ ಮುಟ್ಟಿದೆ. ತಣ್ಣಗಿತ್ತು. ಇದ್ದ ದೇವರಿಗೆಲ್ಲ ಮನಸ್ಸಿನಲ್ಲೇ ಅಡ್ಡಬಿದ್ದೆ. "ಬೆಲ್ಲ ತಂದಿದ್ದೀಯಾ?" ಎಂದು ಕೇಳಿದಳು ಅವಳು. ಅವಳ ಹಿಂದೆ ಹೊಸ್ತಿಲಲ್ಲಿ ಅಜ್ಜಿ ಬಂದು ನಿಂತಳು. ಎತ್ತರದ ಆಳು, ಬಾಯಲ್ಲಿ ಹೊಗೆಸೊಪ್ಪು, ಮುಖದ ತುಂಬ ಎಳವೆಯಲ್ಲಿ ಬಂದು ಹೋದ ಸಿಡುಬಿನ ಕಲೆ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಮೊಮ್ಮಗಳ ತೋಳಿನ ಬರೆಯನ್ನು ನೋಡಿ ದೇವಿ ಹಾಕಿದ್ದಾರೆಂದು ತಪ್ಪು ತಿಳಿದೆ, ಅದಕ್ಕೆ ಹಾಕದೆ ಕಳಿಸಿಬಿಟ್ಟೆ, ಈಗ ಹಾಕಲು ಬಂದಿದ್ದೇನೆ ಎಂದೆ.

ಅಜ್ಜಿಗೆ ಕೋಪ ಬಂತು. ಆದರೆ ನಾನು ಎಣಿಸಿದ ಕಾರಣಕ್ಕಲ್ಲ.

"ನನ್ನ ಬರೇನ ನೀನು ಆ ಸೈಕಲ್ಲೋನ ಗುರುತು ಅಂದ್ಕಂಡ್ಯಾ? ಕಣ್ಣು ಏನಾಗಿದ್ವು ನಿಂಗೆ?"

"ಎರಡೂ ದುಂಡಗೇ ಇರ್ತವಲ್ಲ ಅವ್ವಾ" ಎಂದು ನನ್ನ ರವಿಕೆಯ ತೋಳು ಮಡಿಸಿ ನನಗೆ ಚಿಕ್ಕಂದಿನಲ್ಲಿ ಹಾಕಿದ್ದ ದೇವಿಯ ಗುರುತು ತೋರಿಸಿದೆ. ಅಜ್ಜಿ ಹತ್ತಿರ ಬಂದು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅದನ್ನು ಸವರಿದಳು. ಮುಖ ಕಿವುಚಿದಳು.

"ಥೂ, ಏನ್ ವರಟು ಕೆಲ್ಸ. ಒಳಗೆಲ್ಲ ತರಿತರಿ, ಕುಳಿಕುಳಿ. ಈಗ ಇದ್ನ ಮುಟ್ಟು" ಎಂದು ನನ್ನ ಹೆಬ್ಬೆರಳನ್ನು ಹಿಡಿದು ಹುಡುಗಿಯ ತೋಳಿನ ಮೇಲಿಟ್ಟಳು. "ನಂದು ಉಣಸೆ ಬೀಜ್ದಂಗೆ ನುಣ್ಣಗಿರ್ತದೆ. ಕತ್ಲೇಲ್ ಮುಟ್ಟಿದ್ರೂ ಯೋಳ್ತೀನಿ."

ನಿಜ. ಕಣ್ಣಿಗೆ ಒಂದೇ, ಬೆರಳಿಗೆ ಬೇರೆ. ಇಷ್ಟು ವರ್ಷ ಓದಿ, ಕಲಿತು, ಸಾಲು ಸಾಲು ತೋಳು ನೋಡಿದ ನನಗೆ ಗೊತ್ತಿಲ್ಲದ್ದು ಈ ಮುದುಕಿಯ ಹೆಬ್ಬೆರಳಿಗೆ ಗೊತ್ತಿತ್ತು.

ಗುರುತು ಗೊತ್ತಾಯಿತು, ಸೂಜಿಗೆ ಮಾತ್ರ ಅಪ್ಪಣೆ ಸಿಗಲಿಲ್ಲ. "ಅಮ್ಮ ಊರೊಳಗೆ ಕುಂತಿರುವಾಗ ಮಗೀನ ಚುಚ್ಚುಸ್ಲಾ? ನಂಗೇನು ಉಚ್ಚಾ?" ಎಂದಳು. ನಾನು ಬಿಡಿಸಿ ಹೇಳಿದೆ, ಬೇಡಿಕೊಂಡೆ, ಕೊನೆಗೆ ಗಂಟಲು ಏರಿಸಿದೆ. ಏನು ಬಂತೋ, ಮಧ್ಯದಲ್ಲಿ ಮದ್ದೂರಿನ ಮಗುವಿನ ಮಾತು ಬಾಯಿಗೆ ಬಂತು. ಅವರೆಕಾಳು, ನನ್ನ ತೊಡೆ, ಅರ್ಧ ಗಂಟೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಆಸ್ಪತ್ರೆಯಲ್ಲಿ ಯಾರೆದುರೂ ಅಳದವಳು ಆ ಜಗಲಿಯ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡೆ.

ಅಜ್ಜಿ ಹೊಗೆಸೊಪ್ಪು ಉಗಿದು ಬಂದು ನನ್ನ ಎದುರಿಗೆ ಕುಳಿತಳು. "ತೆಪ್ಪು ಮಾಡ್ದೆ ಅಂತ ಯೋಳಕ್ಕೆ ಅಷ್ಟು ದೂರ್ದಿಂದ ಬಂದ್ಯಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನನ್ನ ಬರೆ ಬಾಲಗ್ರಹಕ್ಕೆ ಕಣವ್ವ. ಅಮ್ಮನ ತಡ್ಯಾದು ಅದ್ರ ಕೈಲಾಗಲ್ಲ. ಓದ್ಸಲ ಅಮ್ಮ ಕರ್ಕಂಡೋದ್ ಮಕ್ಳ ತೋಳ್ಗೆಲ್ಲಾ ನಾನೇ ಬರೆ ಆಕಿದ್ದೆ" ಎಂದಳು. ಎದ್ದು ಸೀರೆ ಕೊಡವಿದಳು. "ನಡಿ. ನಾನೂ ಯೋಳಂಗಿಲ್ಲ, ನೀನೂ ಯೋಳಂಗಿಲ್ಲ. ಅವ್ಳನ್ನೇ ಕೇಳಾನ."

ಊರಿನ ಮಾರಮ್ಮನ ಗುಡಿ ಎಂದರೆ ಬೇವಿನ ಮರದಡಿಯ ಗೂಡು, ಒಳಗೊಂದು ಅರಿಸಿನ ಮೆತ್ತಿದ ಕಲ್ಲು. ಆ ವಾರದ ಪೂಜೆ ಅಜ್ಜಿಯ ಮನೆಯ ಸರದಿ. ಅವಳು ಕಣಗಿಲೆ ಹೂವೊಂದನ್ನು ನೀರಿನಲ್ಲಿ ಅದ್ದಿ ಕಲ್ಲಿನ ಹಣೆಗೆ ಒತ್ತಿಟ್ಟಳು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಕೂಡದು. ಯಜಮಾನ, ಹುಡುಗಿಯ ತಾಯಿ, ಅಕ್ಕಪಕ್ಕದವರು ಎಲ್ಲ ಬಂದು ನಿಂತರು. ನನ್ನ ಓದು, ಡಾಕ್ಟರ ಮಾತು, ಆ ಹುಡುಗಿಯ ಜೀವ ಎಲ್ಲವೂ ಈಗ ಒಂದು ಹೂವಿನ ಮೇಲೆ.

ಹೂ ಬೀಳಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಮರದ ನೆರಳು ನಮ್ಮ ಕಾಲ ಬಳಿಯಿಂದ ಗೂಡಿನ ಆಚೆಗೆ ಸರಿಯಿತು. ಕುಡಿಕೆಯ ಮರಳು ಒಣಗುತ್ತಿದೆ ಎಂದು ನನಗೆ ಚಡಪಡಿಕೆ. ಹೋಗಿ ಊದಿಬಿಡಲೇ ಎಂದೂ ಅನ್ನಿಸಿತು, ದೇವಿ ಕ್ಷಮಿಸಲಿ. ಯಜಮಾನ "ಇವತ್ತು ಬ್ಯಾಡ, ನಾಳೀಕ್ ಕೇಳಾನ" ಎಂದು ಎದ್ದ. ನಾಳೆ ಎಂದರೆ ಸಿಡುಬು ಮುಂದೆ ಓಡಿರುತ್ತದೆ.

ಆಗ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕುಂತ್ಕಳ್ಲಾ ನೀನು. ಬ್ಯಾಡ ಅನ್ನಂಗಿದ್ರೆ ಇಷ್ಟೊತ್ಗೆ ಬೀಳುಸ್ಬುಡೋಳು. ನಮ್ಮವ್ವಂಗೆ ದಾಕ್ಸಿಣ್ಯ ಇಲ್ಲ, ಏನಿದ್ರೂ ಮಕಕ್ಕೇ ಯೋಳ್ತಾಳೆ. ಸುಮ್ಕವ್ಳೆ ಅಂದ್ರೆ ನಂಗೆ ಬುಟ್ಟವ್ಳೆ ಅಂತ. ನಾನು ಆಕ್ಸ್ತೀನಿ."

ಯಜಮಾನ ಕುಳಿತುಕೊಂಡ. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಅಲ್ಲೇ ಬೇವಿನ ನೆರಳಿನಲ್ಲಿ ಹುಡುಗಿಯನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ ತೋಳು ತೊಳೆದೆ. ಎರಡು ಬರೆಗಳ ಪಕ್ಕದಲ್ಲಿ ಬಿಲ್ಲೆ ಇಟ್ಟು ಒತ್ತಿ ತಿರುಗಿಸಿದೆ. ಹುಡುಗಿ ಹಲ್ಲು ಕಚ್ಚಿದಳು, ಅಳಲಿಲ್ಲ. ಅಜ್ಜಿ ಮಾತ್ರ ಬಗ್ಗಿ ನನ್ನ ಕೈಯನ್ನೇ ನೋಡುತ್ತ "ಒಸಿ ಒತ್ತು, ಅಂಜ್ಕಂಡು ಮಾಡಿದ್ರೆ ಯಾವ ಕೆಲ್ಸಾನೂ ನಿಲ್ಲಲ್ಲ" ಎಂದು ಪಾಠ ಹೇಳಿದಳು.

ಅಲ್ಲಿಗೆ ಮುಗಿಯಲಿಲ್ಲ. ಅಜ್ಜಿ ಮುಂದೆ, ಕುಡಿಕೆ ಹಿಡಿದು ನಾನು ಹಿಂದೆ, ಮನೆಮನೆಗೆ ಹೊರಟೆವು. ಒಳಗಿಂದ "ನಮ್ ಮಗೀಗೆ ಆಕ್ಸಾಗದೆ, ಗುರ್ತು ನೋಡಿ" ಎಂದು ತೋಳು ಚಾಚುತ್ತಿದ್ದರು. ನಾನೊಬ್ಬಳೇ ಆಗಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ. ಅಜ್ಜಿ ಹೆಬ್ಬೆರಳಿಟ್ಟು ಸವರಿ ಹೇಳಿಬಿಡುತ್ತಿದ್ದಳು: "ಇದು ನಂದು. ಆಕು." "ಇದೂ ನಂದೇ. ಆಕು." ಅಪರೂಪಕ್ಕೆ ಒಮ್ಮೆ, ಒಲ್ಲದ ಮನಸ್ಸಿನಿಂದ, "ಇದು ನಿಮ್ದು. ಬುಡು." ತನ್ನ ಕೈಕೆಲಸವನ್ನು ತಾನೇ ಅಲ್ಲಗಳೆಯಲು ಯಾರಿಗೆ ಸಾಧ್ಯ? ಯಾವ ತಾಯಿಯೂ ಎದುರು ಮಾತಾಡಲಿಲ್ಲ. ಎರಡು ಮನೆಯವರು ಮಾತ್ರ ಬಾಗಿಲು ತೆರೆಯಲಿಲ್ಲ. ಕೊನೆಯ ನಳಿಕೆ ಮುಗಿದಾಗ ನನ್ನ ಬೆರಳುಗಳು ಮರಗಟ್ಟಿದ್ದವು. ಅಜ್ಜಿ ಒಗ್ಗರಣೆಯಿಲ್ಲದ ಸಾರು, ಮುದ್ದೆ ಬಡಿಸಿದಳು. ಅಷ್ಟು ರುಚಿಯಾದ ಊಟ ನನಗೆ ನೆನಪಿಲ್ಲ.

ಎಂಟನೆಯ ದಿನ ದೇವಿ ಎದ್ದಿದೆಯೋ ಇಲ್ಲವೋ ನೋಡಲು ಹೋದೆ. ನಾನು ಬದುವಿನ ಮೇಲಿರುವಾಗಲೇ ಹುಡುಗಿ ತೋರಣದ ಕೆಳಗಿಂದ ತೋಳು ಎತ್ತಿ ಹಿಡಿದು ಓಡಿ ಬಂದಳು. "ಎದ್ದದೆ! ಎದ್ದದೆ!" ಎರಡು ದುಂಡು ಗುಳ್ಳೆ ತುಂಬಿಕೊಂಡು ನಿಂತಿದ್ದವು. ದೇವಿ ಏಳದ ಮಕ್ಕಳಿಗೆಂದು ತಂದಿದ್ದ ಹೊಸ ಔಷಧಿಯ ಕುಡಿಕೆಯನ್ನು ನೆಲಕ್ಕಿಟ್ಟು ಅವಳನ್ನು ಎತ್ತಿಕೊಂಡು ಗದ್ದೆಯ ನಡುವೆ ಒಂದು ಸುತ್ತು ತಿರುಗಿದೆ. ಕಬ್ಬು ಕಡಿಯುತ್ತಿದ್ದವರು ನಿಂತು ನೋಡಿದರು. ನೋಡಲಿ ಎನ್ನಿಸಿತು. ಗೆದ್ದಿದ್ದೆ ನಾನು.

ಪೂರಾ ಗೆದ್ದೆ ಎಂದು ಗೊತ್ತಾದದ್ದು ಇನ್ನೂ ಹತ್ತು ದಿನದ ಮೇಲೆ. ಸಂತೆಯ ದಿನ ಅಜ್ಜಿ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನೇರ ಆಸ್ಪತ್ರೆಗೆ ನುಗ್ಗಿದಳು. ಹುಡುಗಿಯ ಮುಖದಲ್ಲಿ ಒಂದು ಕಲೆಯಿಲ್ಲ. ದೇವಿ ಹಾಕಿದ ಮಕ್ಕಳಲ್ಲಿ ಒಂದಕ್ಕೂ ಅಮ್ಮ ಕಾಣಿಸಿರಲಿಲ್ಲ. ಬಾಗಿಲು ತೆರೆಯದ ಮನೆಯೊಂದರಲ್ಲಿ ಕಾಣಿಸಿತು. ಆ ಮಗು ಉಳಿಯಿತು, ಅದರ ಒಂದು ಕಣ್ಣು ಉಳಿಯಲಿಲ್ಲ. ಅದನ್ನು ಹೇಳುವಾಗ ಅಜ್ಜಿ "ಬಾಗ್ಲು ಒಡ್ದೇ ಓಗ್ಬೇಕಾಗಿತ್ತು ಕಣವ್ವ" ಎಂದಳು. ನನಗೂ ಹಾಗೇ ಅನ್ನಿಸಿತು.

ಡಾಕ್ಟರಿಗೆ ಹೆಬ್ಬೆರಳಿನ ವಿಷಯ ನಂಬಿಕೆಯಾಗಲಿಲ್ಲ. ಕಾದು ಕುಳಿತಿದ್ದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಅಜ್ಜಿಯ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡಿದರು. ಅಜ್ಜಿ ಸಾಲಿನುದ್ದಕ್ಕೂ ಸವರುತ್ತ ಹೋದಳು: "ಇದು ಸೂಜಿದು. ಇದು ಬರೆ, ನಂದಲ್ಲ, ಯಾವಳೋ ಕೈ ನಡ್ಗೋಳು ಆಕವ್ಳೆ. ಇದು ಏನೂ ಅಲ್ಲ, ಕಜ್ಜಿ ಕಲೆ." ತಾಯಂದಿರನ್ನು ಕೇಳಿ ನೋಡಿದರೆ ಒಂದೂ ತಪ್ಪಿರಲಿಲ್ಲ. ಆಮೇಲೆ ಡಾಕ್ಟರು ಕಣ್ಣು ಬಿಟ್ಟುಕೊಂಡೇ ನೋಡಿ ಎರಡು ತಪ್ಪಿದರು. ವರಾಂಡದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಪೆಚ್ಚಾಗದೆ ಒಂದು ರಟ್ಟು ತರಿಸಿ ದಪ್ಪ ಅಕ್ಷರದಲ್ಲಿ ಬರೆದರು: ಯಾವ ತೊಂದರೆಗೆ ಬಂದ ಮಗುವೇ ಆಗಲಿ, ಎಡದ ತೋಳು ನೋಡದೆ ಕಳಿಸಕೂಡದು.

"ಏನ್ ಬರ್ದ್ರಿ ಸ್ವಾಮಿ?" ಎಂದು ಅಜ್ಜಿ ಕೇಳಿದಳು. ಓದಿ ಹೇಳಿದರು.

"ನೋಡಿದ್ರೆ ಏನ್ ಬಂತು? ಈ ಅವ್ವನೂ ನೋಡೇ ಅಲ್ವಾ ಕೆಟ್ಟಿದ್ದು? ಮುಟ್ಟಿ ನೋಡ್ಬೇಕು ಅಂತ ಬರೀರಿ."

ಡಾಕ್ಟರು "ಮುಟ್ಟಿ" ಎಂದು ಮೇಲೆ ಸೇರಿಸಿದರು. ಆ ರಟ್ಟು ನಾನಿದ್ದಷ್ಟು ವರ್ಷವೂ ಬಾಗಿಲ ಮೇಲಿತ್ತು. ಹೊಸದಾಗಿ ಬಂದ ನರ್ಸುಗಳಿಗೆ ನಾನು ಮೊದಲ ದಿನ ಕಲಿಸುತ್ತಿದ್ದುದು ಪಟ್ಟಿ ಕಟ್ಟುವುದನ್ನಲ್ಲ, ಕಣ್ಣು ಮುಚ್ಚಿ ತೋಳು ಸವರುವುದನ್ನು.

ಸ್ವಾತಂತ್ರ್ಯ ಬಂದ ವರ್ಷ, ಅವರೆಕಾಯಿ ಬಿಡುವ ಕಾಲ. ಒಂದು ಬೆಳಿಗ್ಗೆ ಎರಡು ಜಡೆಯ ಹುಡುಗಿಯೊಬ್ಬಳು ಸೊಂಟದ ಮೇಲೆ ಚಿಕ್ಕ ತಮ್ಮನನ್ನು ಹೊತ್ತುಕೊಂಡು ದಡದಡನೆ ಒಳಗೆ ಬಂದಳು. ಹಿಂದಿನಿಂದ ತಾಯಿ ಏದುಸಿರು ಬಿಡುತ್ತಿದ್ದಳು. ಹುಡುಗಿಯ ಬಲಗೈ ಬೆರಳುಗಳ ಮೇಲೆ ಹಳೆಯ ಸುಟ್ಟ ಕಲೆ ನೋಡಿ ಗುರುತು ಹಿಡಿದೆ.

"ನರ್ಸಮ್ಮ, ಇವ್ನು ಮೂಗ್ಗೆ ಅವರೆಕಾಳು ತುರುಕ್ಕಂಡವ್ನೆ" ಎಂದಳು.

ಕೈ ತೊಳೆದು ಬಂದೆ. ಆಮೇಲೆ ಆ ಮಗುವನ್ನು ತೊಡೆಯ ಮೇಲೆ ಅಮುಕಿ ಹಿಡಿದು, ಮೂಗಿನಿಂದ ಕಾಳು ತೆಗೆದೆ. ಅವನು ಅತ್ತು ಅತ್ತು ಸುಮ್ಮನಾದ. ನಾನು ಅಂಗಿಯ ತೋಳಿಗೆ ಕೈ ಹಾಕುವ ಮುಂಚೆ ಹುಡುಗಿಯೇ ಅದನ್ನು ಮೇಲಕ್ಕೆ ಸರಿಸಿ ಹಿಡಿದಳು.

"ಮುಟ್ಟಿ ನೋಡಿವ್ನಿ. ನಿಮ್ದು ಇಲ್ಲ, ಅಜ್ಜೀದೂ ಇಲ್ಲ. ಆಕಿ."

ಹೆಬ್ಬೆರಳಿಟ್ಟು ಸವರಿದೆ. ಅಂಗೈಯಗಲದ ಬೆಣ್ಣೆಯಂಥ ತೋಳು, ಒಂದು ಗೆರೆಯೂ ಇಲ್ಲ. "ಅಜ್ಜಿ ಬರೆ ಹಾಕೋದು ಬಿಟ್ಟರಾ?" ಎಂದು ಆಸೆಯಿಂದ ಕೇಳಿದೆ.

"ಎಲ್ಲಿ ಬುಡ್ತಾಳೆ!" ಎಂದು ತಾಯಿ ನಕ್ಕು ಮಗುವಿನ ಅಂಗಿ ಎತ್ತಿ ತೋರಿಸಿದಳು. ಹೊಟ್ಟೆಯ ಮೇಲೆ ಹುಣಸೆ ಬೀಜದಂಥ ಎರಡು ಗುರುತು. "ಈಗ ಊರಲ್ಲಿ ಎಲ್ಲಾ ಮಕ್ಳಿಗೂ ಒಟ್ಟೆಗೇ ಆಕ್ತಾಳೆ ಕಣವ್ವ. ಎಡದ ತೋಳು ಯಾರೂ ಮುಟ್ಟಂಗಿಲ್ಲ, ಅದು ನರ್ಸಮ್ಮಂದು ಅಂತವ್ಳೆ."

ಬರೆಯ ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆ. ಆ ಖಾಲಿ ತೋಳನ್ನು ತೊಳೆದು, ಬಿಲ್ಲೆಯನ್ನು ಅಜ್ಜಿ ಹೇಳಿಕೊಟ್ಟ ಹಾಗೆ, ಅಂಜದೆ ಒತ್ತಿದೆ.